ಒಬ್ಬಳು ಒಡೆಟ್, ಹದಿನೇಳು ಹಳದಿ ಜಾಕೆಟ್

ಶನಿವಾರ ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಒಡೆಟ್ ಜರ್ವೆಯ ಎಡಗಾಲು ಕೊರಿನ್‌ಳ ತೊಡೆಯ ಮೇಲಿತ್ತು, ಬಲಗಾಲು ಮ್ಯಾಗ್ಡಾಳ ತೊಡೆಯ ಮೇಲೆ. ಇಬ್ಬರೂ ಅವಳ ಸ್ಕೇಟ್ಸ್‌ನ ಲೇಸ್ ಕಟ್ಟುತ್ತಿದ್ದರು. ಒಬ್ಬಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ಇನ್ನೊಬ್ಬಳು ಕೈಗವಸಿನೊಳಗೆ ಬೆರಳುಗಳೆಲ್ಲ ತಮ್ಮ ತಮ್ಮ ಮನೆ ಸೇರಿವೆಯೇ ಎಂದು ಒಂದೊಂದನ್ನೇ ಒತ್ತಿ ನೋಡುತ್ತಿದ್ದಳು. ನೀರಿನ ಬಾಟಲಿಗೆ ಒಬ್ಬಳು, ಅದರ ಮುಚ್ಚಳಕ್ಕೆ ಬೇರೆಯವಳು. ಮೂಲೆಯಲ್ಲಿ ಇಬ್ಬರು ಬರಿದೇ ಚಪ್ಪಾಳೆ ತಟ್ಟುತ್ತಿದ್ದರು. ಕೆಲಸದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಪ್ರೋತ್ಸಾಹ’ ಎಂದು ಬರೆದಿತ್ತು, ಪಾಪ, ಅವರು ಅದನ್ನೇ ಮಾಡುತ್ತಿದ್ದರು.

ಒಟ್ಟು ಹದಿನೇಳು ಹುಡುಗಿಯರು, ಹದಿನೇಳು ಹಳದಿ ಜಾಕೆಟ್ಟು. ಒಡೆಟ್ ಮಾತ್ರ ಒಬ್ಬಳೇ. ಅವಳಿಗೆ ಆರು ವರ್ಷ. ಬರ್ಚ್ ನ್ಯಾರೋಸ್ ಊರಿನಲ್ಲಿ, ಐಸ್ ಮೇಲೆ ಕೋಲಿನಿಂದ ರಬ್ಬರ್ ರಿಂಗ್ ತಳ್ಳಿ ಗೋಲು ಹೊಡೆಯುವ ರಿಂಗೆಟ್ ಆಟದ ಸಂಘದ ಹೊಸಬರ ತರಗತಿಗೆ ಈ ಚಳಿಗಾಲ ಸೇರಿದವರು ಅವಳೊಬ್ಬಳೇ.

ಇಷ್ಟು ಜನ ಯಾಕೆ ಬಂದರು ಎಂದರೆ, ನಮ್ಮ ಊರಿನವರಿಗೆ ‘ಬೇಡ’ ಎನ್ನಲು ಬಾರದು. ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡವರೇ ಮೊದಲು ಕ್ಷಮೆ ಕೇಳುವ ಊರು ಇದು. ಈ ಹದಿನೇಳು ಜನರೂ ಒಂದು ಕಾಲಕ್ಕೆ ಇದೇ ಶನಿವಾರದ ಎಂಟು ಗಂಟೆಗೆ, ಇದೇ ಐಸ್ ಮೇಲೆ ಬಿದ್ದು ಎದ್ದು ಆಟ ಕಲಿತವರು. ಈಗ ದೊಡ್ಡವರ ತಂಡದಲ್ಲಿದ್ದಾರೆ, ಬಹುಮಾನ ಗೆದ್ದಿದ್ದಾರೆ. ಪಡೆದದ್ದನ್ನು ಊರಿಗೆ ತಿರುಗಿ ಕೊಡಬೇಕು ಎಂದು ಹದಿನೇಳು ಜನಕ್ಕೂ ಒಂದೇ ಸಲ ಅನ್ನಿಸಿತು. ಹೈಸ್ಕೂಲು ಮುಗಿಸಬೇಕಾದರೆ ನಲವತ್ತು ಗಂಟೆ ಊರಿಗಾಗಿ ದುಡಿದಿರಬೇಕು ಎಂಬ ನಿಯಮವೂ ಇತ್ತೆನ್ನಿ. ಆದರೆ ಅವರ ನಾಯಕಿ ಐಲಾ ಪೆಲ್ಟೋನೆನ್‌ಳ ನಲವತ್ತು ಗಂಟೆ ಎರಡು ವರ್ಷದ ಹಿಂದೆಯೇ ಮುಗಿದಿತ್ತು. ಅವಳು ಬರುತ್ತಿದ್ದದ್ದು ಬೇರೆ ಕಾರಣಕ್ಕೆ.

ಆ ಕಾರಣ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಮೂರು ವರ್ಷದ ಹಿಂದೆ, ಅವಳಿಗೆ ಹದಿನಾಲ್ಕಿದ್ದಾಗ, ಹೊಸಬರ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರು. ವರ್ಷದ ಕೊನೆಗೆ ಒಂದು ‘ಖುಷಿ ಪಂದ್ಯ’ ಇಟ್ಟರು. ಒಂದು ಕಡೆ ಒಬ್ಬಳು ಕಡಿಮೆಯಾದಳೆಂದು ಸಹಾಯಕ್ಕೆ ಐಲಾಳನ್ನು ಇಳಿಸಿದರು. ಐಲಾ ಹನ್ನೊಂದು ಗೋಲು ಹೊಡೆದಳು. ಆರು ವರ್ಷದ ಮಕ್ಕಳ ಮೇಲೆ, ಹನ್ನೊಂದು. ಅವಳಿಗೇ ಆಮೇಲೆ ಅರ್ಥವಾಗಲಿಲ್ಲ, ಮೈಮೇಲೆ ಏನೋ ಬಂದ ಹಾಗಿತ್ತು. ಹನ್ನೊಂದನೆಯ ಗೋಲಿಗೆ ಎರಡೂ ಕೈ ಎತ್ತಿ ಕುಣಿದದ್ದೂ ನೆನಪಿದೆ. ಮರುವರ್ಷ ಆ ಒಂಬತ್ತರಲ್ಲಿ ಒಂದು ಮಗುವೂ ಬರಲಿಲ್ಲ. ಕೆಲವರು ಐಸ್ ಹಾಕಿಗೆ ಹೋದರು, ಕೆಲವರು ಐಸ್ ಮೇಲಿನ ನೃತ್ಯಕ್ಕೆ. ಅವರ ತಂಗಿ ತಮ್ಮಂದಿರೂ ಅವರ ಹಿಂದೆಯೇ ಹೋದರು. ಸಂಘದವರು ಸಭೆ ಸೇರಿ, ಯಾರ ಹೆಸರೂ ಎತ್ತದೆ, ಬಹಳ ಮರ್ಯಾದೆಯಿಂದ ಎರಡು ಹೊಸ ನಿಯಮ ಮಾಡಿ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದರು. ಹನ್ನೊಂದನೇ ನಿಯಮ: ಹಳದಿ ಜಾಕೆಟ್ ತೊಟ್ಟ ಸಹಾಯಕರು ರಿಂಗ್ ಮುಟ್ಟತಕ್ಕದ್ದಲ್ಲ. ಹನ್ನೆರಡನೇ ನಿಯಮ: ಜಾಕೆಟ್ ತೆಗೆದಿಟ್ಟೂ ಮುಟ್ಟತಕ್ಕದ್ದಲ್ಲ.

ಹನ್ನೆರಡನೆಯದು ತನಗೆಂದೇ ಬರೆದದ್ದು ಎಂದು ಐಲಾಳಿಗೆ ಗೊತ್ತಿತ್ತು.

“ಎಡಗಡೆ ಜಾಸ್ತಿ ಬಿಗಿಯಾಯ್ತು,” ಎಂದಳು ಒಡೆಟ್.

“ಎಡಗಡೆ ಸರಿಯಾಗಿದೆ. ಬಲಗಡೇನೇ ಸಡ್ಲ,” ಎಂದಳು ಕೊರಿನ್.

“ಸಾರಿ, ನಂದೇನ್ ಸಡ್ಲ ಇಲ್ಲ,” ಎಂದಳು ಮ್ಯಾಗ್ಡಾ. “ನೀನ್ ಕಟ್ಟೋದು ಮರ ಸಾಗಿಸೋ ಲಾರಿಗೆ ಹಗ್ಗ ಬಿಗಿದ ಹಾಗಿರತ್ತೆ.”

ಒಡೆಟ್ ಇವರನ್ನು ಬಿಟ್ಟು ಎದುರಿನ ಗೋಡೆಯ ನಿಯಮಗಳನ್ನು ಓದತೊಡಗಿದಳು. ಆ ಮಗು ಓದಲು ಕಲಿತದ್ದೇ ಆ ಗೋಡೆಯಿಂದ. ಪ್ರತಿ ಶನಿವಾರ ಇಪ್ಪತ್ತು ನಿಮಿಷ ಕೈಕಾಲು ಬೇರೆಯವರ ವಶದಲ್ಲಿರುವಾಗ ಕಣ್ಣಿಗೆ ಇನ್ನೇನು ಕೆಲಸ?

ಐಸ್ ಮೇಲೂ ಇದೇ ಕಥೆ. ಒಡೆಟ್ ನಡುಗೆರೆಯಿಂದ ಹೊರಡುತ್ತಿದ್ದಳು. ತಲೆಯಿಲ್ಲದ ನೇರ ಕೋಲಿನ ತುದಿಯನ್ನು ಬಳೆಯಂಥ ನೀಲಿ ರಬ್ಬರ್ ರಿಂಗ್‌ನೊಳಗೆ ಊರಿ ಚೆನ್ನಾಗಿಯೇ ತಳ್ಳಿಕೊಂಡು ಹೋಗುತ್ತಿದ್ದಳು. ಎರಡೂ ಪಕ್ಕದಲ್ಲಿ, ಹಿಂದೆ, ಮುಂದೆ ಹಳದಿ ಜಾಕೆಟ್ಟುಗಳು ಜೊತೆಗೇ ಸಾಗುತ್ತಿದ್ದವು. ಬಿದ್ದಳೆಂದರೆ ಗಾಜಿನ ಆಚೆ ನಿಂತ, ತರಗತಿ ನಡೆಸುವ ಮ್ಯೂರಿಯೆಲ್ “ಮೊದಲು ಮಂಡಿ! ಆಮೇಲೆ ಒಂದು ಪಾದ! ಕೊನೆಗೆ ಮೂಗು!” ಎಂದು ಕೂಗುವಷ್ಟರಲ್ಲಿ ಮೂವತ್ನಾಲ್ಕು ಕೈ ಒಟ್ಟಿಗೆ ಬಂದು ಮಗುವನ್ನು ಎತ್ತಿ ನಿಲ್ಲಿಸಿಬಿಡುತ್ತಿದ್ದವು. ಹೀಗೆ ಸಾಗಿ ನೀಲಿ ಗೆರೆಯ ಹತ್ತಿರ ಬಂದೊಡನೆ ಒಡೆಟ್ ನಿಂತುಬಿಡುತ್ತಿದ್ದಳು.

ಈ ಆಟದ ಜೀವವೇ ಆ ಗೆರೆಯಲ್ಲಿದೆ. ರಿಂಗ್ ಹಿಡಿದವರು ಅದನ್ನು ತಾವೇ ನೀಲಿ ಗೆರೆ ದಾಟಿಸುವಂತಿಲ್ಲ, ಗೆರೆಯಾಚೆ ಇರುವ ಜೊತೆಗಾತಿಗೆ ಕೊಡಬೇಕು. ಎಂಥ ಶೂರಳಾದರೂ ಒಬ್ಬಳೇ ಗೋಲಿನ ತನಕ ಹೋಗಲಾಗದು. ಒಡೆಟ್‌ಳಿಗೆ ಜೊತೆಗಾತಿಯೇ ಇರಲಿಲ್ಲ. ಗೆರೆಯಾಚೆ ಎಂಟು ಹಳದಿ ಜಾಕೆಟ್ಟು ನಿಂತು ಚಪ್ಪಾಳೆ ತಟ್ಟುತ್ತಿದ್ದವು, ಒಬ್ಬರೂ ರಿಂಗ್ ಮುಟ್ಟುವಂತಿರಲಿಲ್ಲ. ಗೋಲಿನಲ್ಲಿ ಒಬ್ಬಳು ಕಾವಲಿದ್ದಳು. ರಿಂಗ್ ತನ್ನ ಕಡೆಗೆ ಬಂದರೆ ಪಕ್ಕಕ್ಕೆ ಹಾರಿಕೊಳ್ಳಬೇಕೆಂದು ಅವಳಿಗೆ ತರಬೇತಿಯಾಗಿತ್ತು. ಅಕ್ಟೋಬರಿನಿಂದ ಫೆಬ್ರವರಿಯ ತನಕ ಅವಳು ಹಾರುವ ಪ್ರಮೇಯವೇ ಬರಲಿಲ್ಲ.

ಆ ಶನಿವಾರ ಒಡೆಟ್ ಗೆರೆಯ ಮೇಲೆ ಕೋಲು ಮಲಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಐಲಾಳನ್ನು ಕರೆದಳು.

“ಐಲಾ, ನಾನ್ ಮುಂದಿನ ವಾರ ಹಾಕಿಗೆ ಸೇರ್ತೀನಿ.”

ಐಲಾ ಅವಳ ಹತ್ತಿರ ಜಾರಿ ಬಂದಳು. “ಯಾಕೆ ಪುಟ್ಟಾ?”

“ಹಾಕೀಲಿ ಒಬ್ರೇ ಎಲ್ಲೀತನಕ ಬೇಕಾದ್ರೂ ಹೋಗ್ಬಹುದಂತೆ. ನನ್ನ ಕಸಿನ್ ಹೇಳ್ದ. ಗೆರೆ ಇದ್ರೂ ಸುಮ್ನೆ ದಾಟ್ಕೊಂಡ್ ಹೋಗ್ತಾರಂತೆ. ನಂಗೆ ಗೋಲ್ ಹತ್ರ ಹೋಗ್ಬೇಕು. ಐದ್ ತಿಂಗಳಿಂದ ಬರೀ ದೂರದಿಂದ ನೋಡ್ತಿದೀನಿ.”

ಐಲಾ ಬಗ್ಗಿ, ದನಿ ತಗ್ಗಿಸಿ, “ಇವತ್ತೊಂದ್ ದಿನ ನೀನೇ ದಾಟಿಬಿಡು. ಯಾರೂ ನೋಡಲ್ಲ,” ಎಂದಳು.

“ಹದಿನೇಳ್ ಜನ ನೋಡ್ತಿದೀರಲ್ಲ.”

“ನಾವ್ ಯಾರಿಗೂ ಹೇಳಲ್ಲ.”

“ಅದು ಮೋಸ,” ಎಂದಳು ಒಡೆಟ್. “ನೀನ್ ಮೋಸ ಮಾಡ್ತೀಯಾ?”

ಹದಿನೇಳು ವರ್ಷದ ಐಲಾ ಆರು ವರ್ಷದವಳ ಮುಂದೆ ಮುಖ ಕೆಂಪಗೆ ಮಾಡಿಕೊಂಡು ನಿಂತಳು. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಮುಂದಿನ ಶನಿವಾರ ಗೆರೆಯಾಚೆ ರಿಂಗ್ ತೆಗೆದುಕೊಳ್ಳಲು, ನಿಯಮದ ಪ್ರಕಾರ, ಒಬ್ಬ ಜೊತೆಗಾತಿ ಇರಬೇಕು. ಇಲ್ಲದಿದ್ದರೆ ಒಂಬತ್ತೂವರೆಗೆ ಒಡೆಟ್ ಪಕ್ಕದ ಬಾಗಿಲಿನಿಂದ ಹೋಗಿ ಹಾಕಿಗೆ ಹೆಸರು ಕೊಡುತ್ತಾಳೆ. ಅವಳ ಅಪ್ಪ ರೆಜಾನ್ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. “ಸಾರಿ ಐಲಾ,” ಎಂದ. “ನಾನೂ ಹೇಳಿ ನೋಡ್ದೆ. ಅವ್ಳು ಅವ್ರಮ್ಮನ ಹಾಗೆ, ಒಂದ್ ಸಲ ತಲೇಲಿ ಕೂತ್ರೆ ಮುಗೀತು.”

ಒಡೆಟ್ ಹೋದರೆ ತರಗತಿಯಲ್ಲಿ ಉಳಿಯುವ ಮಕ್ಕಳು ಸೊನ್ನೆ. ಸೊನ್ನೆ ಮಕ್ಕಳಿಗೆ ಐಸ್ ಕೊಡಲು ಊರಿನವರಿಗೂ ಆಗದು. ನಲವತ್ತೊಂದು ವರ್ಷದಿಂದ ತೆರೆದುಕೊಂಡಿದ್ದ ಶನಿವಾರದ ಎಂಟು ಗಂಟೆ ಮುಚ್ಚಿಹೋಗುತ್ತದೆ. ತಾನು ಒಳಗೆ ಬಂದ ಬಾಗಿಲನ್ನು ತಾನೇ ಕೈಯಾರೆ ಮುಚ್ಚಿದ ಹಾಗಾಗುತ್ತದೆ ಎಂದು ಐಲಾ ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಸೋಮವಾರ ಶಾಲೆಯ ಊಟದ ಕೋಣೆಯಲ್ಲಿ ಹದಿನೇಳು ಜನರ ಸಭೆ ಸೇರಿತು. ಹನ್ನೆರಡನೇ ನಿಯಮವನ್ನು ರದ್ದು ಮಾಡಿಸೋಣ ಎಂದಳು ಒಬ್ಬಳು. ಅದಕ್ಕೆ ಮೇ ತಿಂಗಳ ಮಹಾಸಭೆಯೇ ಆಗಬೇಕಿತ್ತು. ಗೆರೆಯಾಚೆ ಒಂದು ಕುರ್ಚಿ ಇಟ್ಟು ಅದನ್ನೇ ಜೊತೆಗಾತಿ ಅಂತ ನೋಂದಾಯಿಸೋಣ ಎಂದಳು ಮ್ಯಾಗ್ಡಾ. ಕುರ್ಚಿಗೆ ಹುಟ್ಟಿದ ತಾರೀಖು ಏನು ಬರೆಯೋದು ಎಂದು ಕೊರಿನ್ ಕೇಳಿದಳು. ಆ ಮಾತು ಇಪ್ಪತ್ತು ನಿಮಿಷ ನಡೆಯಿತು, ಯಾರೂ ನಗಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ತೆಗೆದಿಟ್ಟುಕೊಂಡ ನಿಯಮಗಳ ಚಿತ್ರವನ್ನು ಮೊದಲಿನಿಂದ ಓದುತ್ತಿದ್ದ ಐಲಾ ತಲೆಯೆತ್ತಿದಳು.

“ಒಂದನೇ ನಿಯಮ ಕೇಳಿ. ‘ಈ ತರಗತಿಯು ಇದುವರೆಗೆ ಐಸ್ ಮೇಲೆ ಯಾವ ಆಟವನ್ನೂ ಆಡದವರಿಗೆ ಮಾತ್ರ.’ ವಯಸ್ಸು ಎಲ್ಲಿದೆ?”

ಎಲ್ಲರೂ ಇಣುಕಿ ನೋಡಿದರು. ವಯಸ್ಸು ಎಲ್ಲೂ ಇರಲಿಲ್ಲ. ಐಸ್ ಮೇಲೆ ಆಡದವರೆಂದರೆ ಮಕ್ಕಳೇ ಎಂದು ಬರೆದವರು ಅಂದುಕೊಂಡಿದ್ದರು.

“ಹಾಗಾದ್ರೆ ಯಾರಾದ್ರೂ ಆಗತ್ತೆ,” ಎಂದಳು ಮ್ಯಾಗ್ಡಾ. “ಊರ್ ತುಂಬಾ ಜನ ಇದಾರೆ!”

ಊರ ತುಂಬ ಜನ ಇದ್ದದ್ದು ನಿಜ. ಸೋಮವಾರ ಸಂಜೆಯಿಂದ ಹದಿನೇಳು ಹುಡುಗಿಯರು ಮನೆ ಮನೆಯ ಬಾಗಿಲು ತಟ್ಟಿದರು. ಕ್ಷಮಿಸಿ, ನೀವು ಯಾವತ್ತಾದರೂ ಐಸ್ ಮೇಲೆ ಆಡಿದ್ದೀರಾ? ಇದನ್ನು ಬರ್ಚ್ ನ್ಯಾರೋಸ್‌ನಲ್ಲಿ ಕೇಳುವುದೆಂದರೆ ನೀವು ಯಾವತ್ತಾದರೂ ಉಸಿರಾಡಿದ್ದೀರಾ ಎಂದು ಕೇಳಿದ ಹಾಗೆ. ಗ್ರಂಥಾಲಯದ ಹೆಂಗಸು ಮೂವತ್ತು ವರ್ಷದಿಂದ ಐಸ್ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಡುತ್ತಿದ್ದಳು. ಪಾದ್ರಿಗಳು ಓದಿನ ದಿನಗಳಲ್ಲಿ ಸೆಮಿನರಿಯ ಹಾಕಿ ತಂಡದ ಗೋಲು ಕಾಯುತ್ತಿದ್ದರಂತೆ, ಬಾಯಿ ತೆರೆದು, ಉದುರಿಹೋದ ಎರಡು ಹಲ್ಲಿನ ಜಾಗ ತೋರಿಸಿದರು. ವೃದ್ಧಾಶ್ರಮದ ತೊಂಬತ್ತೊಂದು ವರ್ಷದ ಮುದುಕಿಯೊಬ್ಬರ ಮೇಲೆ ಎಲ್ಲರಿಗೂ ಆಸೆಯಿತ್ತು. ಅವರು ಹುಡುಗಿಯರನ್ನು ಕೂರಿಸಿಕೊಂಡು ತಾವು ಹದಿನಾರು ವರ್ಷಕ್ಕೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಹಾಕಿಯಲ್ಲಿ ಯಾರ ಮೂಗು ಮುರಿದದ್ದು, ಆಮೇಲೆ ಅವನನ್ನೇ ಹೇಗೆ ಮದುವೆಯಾದದ್ದು ಎಂದು ಒಂದು ಗಂಟೆ ಹೇಳಿದರು. ಉಳಿದವರು ಹೊಸ ದಂತವೈದ್ಯರು. ಹಿಮವನ್ನೇ ಕಾಣದ ದೇಶದಿಂದ ಕಳೆದ ವರ್ಷ ಬಂದವರು. ಕೊರಿನ್ ಹೋಗಿ ಅವರ ಬಾಗಿಲು ತಟ್ಟಿದಳು.

“ಆಡಿದೀನಲ್ಲ,” ಎಂದರು ಅವರು ಹೆಮ್ಮೆಯಿಂದ. “ಬಂದ ಎರಡನೇ ದಿನವೇ ಸ್ವಾಗತ ಸಮಿತಿಯವರು ಕರ್ಕೊಂಡ್ ಹೋಗಿ ಕರ್ಲಿಂಗ್ ಆಡ್ಸಿದ್ರು. ಬೇಡ ಅನ್ನೋಕೆ ನಾಚಿಕೆ ಆಯ್ತು.”

ಕೊರಿನ್ ಹಿಮದ ರಾಶಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಳು. ಸ್ವಾಗತ ಸಮಿತಿಯ ಅಧ್ಯಕ್ಷೆ ಅವಳ ತಾಯಿಯೇ.

ಬುಧವಾರ ಶಾಲೆ ಬಿಟ್ಟ ಮೇಲೆ ಐಲಾ ಮ್ಯೂರಿಯೆಲ್ ಬುದ್ರೋ ಅವರ ಮನೆಗೆ ಹೋದಳು. ಮ್ಯೂರಿಯೆಲ್ ಅವರಿಗೆ ಅರವತ್ತೆಂಟು. ಹೊಸಬರ ತರಗತಿಯನ್ನು ಹುಟ್ಟುಹಾಕಿದವರು, ನಲವತ್ತೊಂದು ವರ್ಷದಿಂದ ನಡೆಸುತ್ತಿರುವವರು. ಉಣ್ಣೆಯ ಬೂಟು, ಕೈಯಲ್ಲೊಂದು ಹಾಳೆ ಸಿಕ್ಕಿಸಿದ ಹಲಗೆ, ಗಾಜಿನ ಆಚೆಯಿಂದ ಊರೆಲ್ಲ ಕೇಳುವ ದನಿ. ಅವರು ಹಿಂದೆ ಕ್ವಿಬೆಕ್‌ನಲ್ಲಿ ಭಾರೀ ಆಟಗಾರ್ತಿಯಾಗಿದ್ದರು, ಮಂಡಿಗೆ ಪೆಟ್ಟಾಗಿ ಬಿಟ್ಟರು ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಯಾರು ಹೇಳಿದರು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ರೂಲ್ ತೆಗ್ಸೋಕೆ ಬಂದಿದ್ರೆ ಮೇ ತಿಂಗಳ ಸಭೆಗೆ ಬಾ,” ಎಂದರು ಮ್ಯೂರಿಯೆಲ್ ಬಾಗಿಲಲ್ಲೇ.

“ತೆಗ್ಸೋಕಲ್ಲ, ಪಾಲಿಸೋಕೆ. ಈ ಊರಲ್ಲಿ ಐಸ್ ಮೇಲೆ ಯಾವತ್ತೂ ಆಡ್ದೇ ಇರೋರು ಒಬ್ರು ಬೇಕು. ಎಲ್ಲರನ್ನೂ ಕೇಳಿಯಾಯ್ತು. ನಿಮಗೆ ಯಾರಾದ್ರೂ ಗೊತ್ತಾ?”

ಮ್ಯೂರಿಯೆಲ್ ಅವಳನ್ನು ಕರೆದು ಕೂರಿಸಿದರು. ಒಳಗೆ ಹೋಗಿ ಬೆಣ್ಣೆ ಟಾರ್ಟು ಎಂಬ ಸಿಹಿತಿಂಡಿಯ ತಟ್ಟೆ ತಂದು ಅವಳ ಮುಂದಿಟ್ಟರು. ಆಗ ಐಲಾಳ ಕಣ್ಣು ಬಾಗಿಲ ಹಿಂದಿನ ಮೊಳೆಯ ಮೇಲೆ ಬಿತ್ತು. ಅಲ್ಲಿ ಒಂದು ಜೊತೆ ಬಿಳಿ ಸ್ಕೇಟ್ಸ್ ತೂಗುತ್ತಿತ್ತು. ಹಳೆಯ ಕಾಲದ್ದು. ಆದರೆ ಅಲಗಿನ ಮೇಲೆ ಒಂದು ಗೀರೂ ಇರಲಿಲ್ಲ, ಒಳಗೆ ಅಂಗಡಿಯವರು ತುರುಕಿದ ಕಾಗದ ಹಳದಿಯಾಗಿ ಇನ್ನೂ ಹಾಗೆಯೇ ಇತ್ತು.

ಐಲಾ ಸ್ಕೇಟ್ಸ್ ನೋಡಿದಳು, ಮ್ಯೂರಿಯೆಲ್ ಮುಖ ನೋಡಿದಳು. ಕೈಯಲ್ಲಿದ್ದ ಟಾರ್ಟು ಬಾಯಿಗೆ ಹೋಗದೆ ಅರ್ಧದಾರಿಯಲ್ಲೇ ನಿಂತಿತು.

“ಹಾಗೆ ನೋಡ್ಬೇಡ,” ಎಂದರು ಮ್ಯೂರಿಯೆಲ್.

“ನಿಮ್ಮ ಮಂಡಿ...”

“ಮಂಡಿಗೆ ಏನೂ ಆಗಿಲ್ಲ. ಊರೋರು ಹುಟ್ಸಿದ್ದು, ನಾನು ಇಲ್ಲ ಅನ್ಲಿಲ್ಲ.” ಅವರು ಕುರ್ಚಿಯ ಮೇಲೆ ಧೊಪ್ಪನೆ ಕೂತರು. “ನಂಗೆ ಸ್ಕೇಟ್ ಮಾಡಕ್ಕೇ ಬರಲ್ಲ ಕಣೇ. ನಿಂತ್ಕೊಳ್ಳೋಕೂ ಬರಲ್ಲ. ಚಿಕ್ಕವ್ಳಿದ್ದಾಗ ಅಪ್ಪ ಕೆರೆ ಹತ್ರ ಬಿಡ್ತಿರ್ಲಿಲ್ಲ. ಆಮೇಲೆ ನನ್ನ ಮಗಳು ಈ ಆಟ ಆಡ್ಬೇಕು ಅಂತ ಹಟ ಹಿಡಿದ್ಳು. ಐಸ್ ಮನೆ ಬೀಗದ ಕೈ ಇಟ್ಕೊಳ್ಳೋಕೆ ಒಬ್ರು ಬೇಕಿತ್ತು, ಕೈ ಎತ್ತಿದೆ. ಸ್ಕೇಟ್ ಬರತ್ತಾ ಅಂತ ಯಾರೂ ಕೇಳ್ಲಿಲ್ಲ. ಆ ವರ್ಷವೇ ಇವನ್ನ ತಗೊಂಡೆ, ಮುಂದಿನ ಚಳಿಗಾಲ ಕಲಿಯೋಣ ಅಂತ. ಅಷ್ಟ್ರಲ್ಲಿ ಸಂಘದ ಅಧ್ಯಕ್ಷೆ ಮಾಡಿಬಿಟ್ರು. ಅಧ್ಯಕ್ಷೆ ಎಲ್ಲರೆದುರು ಬೀಳಕ್ಕಾಗತ್ತಾ?”

“ಮತ್ತೆ ‘ಮೊದಲು ಮಂಡಿ, ಆಮೇಲೆ ಒಂದು ಪಾದ’ ಅಂತ ನಮಗೆಲ್ಲ...”

“ಗಾಜಿನಾಚೆ ನಿಂತು ನೋಡ್ತಾ ನೋಡ್ತಾ ಗೊತ್ತಾಯ್ತು. ನೋಡೋಕೇನು ಸ್ಕೇಟ್ ಬೇಕಾ?”

ಐಲಾ ಟಾರ್ಟನ್ನು ತಟ್ಟೆಗೆ ಇಟ್ಟಳು. ಈ ಊರಿಗೆ ಬಂದ ಹೊಸದರಲ್ಲಿ, ಆರು ವರ್ಷದವಳಾಗಿ, ಯಾರ ಪರಿಚಯವೂ ಇಲ್ಲದೆ ಐಸ್ ಮೇಲೆ ಅಂಗಾತ ಬಿದ್ದು ಅಳುತ್ತಿದ್ದಾಗ ಕೇಳಿದ ಮೊದಲ ದನಿ ಇವರದು. ಆ ದನಿಯನ್ನು ನಂಬಿ ಮೊದಲು ಮಂಡಿ ಊರಿದ್ದಳು. ಅದನ್ನು ಹೇಳಿಕೊಟ್ಟವರು ಒಮ್ಮೆಯೂ ಬಿದ್ದಿರಲಿಲ್ಲ, ಬೀಳುವ ಭಾಗ್ಯವೇ ಅವರಿಗೆ ಸಿಕ್ಕಿರಲಿಲ್ಲ.

“ನಾವ್ ಹದಿನೇಳ್ ಜನ ಇದೀವಿ,” ಎಂದಳು ಐಲಾ. “ನಿಮ್ಮನ್ನ ಬೀಳೋಕೆ ಬಿಡಲ್ಲ. ಒಡೆಟ್‌ಗೆ ಜೊತೆಗಾತಿ ಬೇಕು ಮ್ಯೂರಿಯೆಲ್. ಇಲ್ದಿದ್ರೆ ಎಲ್ಲಾ ಮುಗಿದ್ಹೋಗತ್ತೆ. ಅವತ್ತು ನಾನ್ ಆ ಹನ್ನೊಂದು ಗೋಲ್ ಹೊಡೀದೇ ಇದ್ದಿದ್ರೆ...”

“ಹನ್ನೆರಡು,” ಎಂದರು ಮ್ಯೂರಿಯೆಲ್. “ಒಂದನ್ನ ನಾನೇ ಬರ್ಕೊಳ್ಲಿಲ್ಲ. ನಿನ್ನ ಮಾನ ಉಳೀಲಿ ಅಂತ.” ಆಮೇಲೆ ಎದ್ದು ಬಾಗಿಲು ತೆರೆದರು. “ಟಾರ್ಟ್ ಜೇಬಿಗ್ ಹಾಕ್ಕೊಂಡ್ ಹೊರಡು. ಅರವತ್ತೆಂಟಕ್ಕೆ ನನ್ನ ಸೊಂಟ ಮುರ್ಸೋಕೆ ಬಂದಿದಾಳೆ. ಈ ವಿಷಯ ಯಾರ ಹತ್ರನಾದ್ರೂ ಬಾಯಿಬಿಟ್ರೆ ನಿನ್ನ ಲೇಸ್ ಎಲ್ಲಾ ಕತ್ತರಿಸ್ತೀನಿ.”

ಐಲಾ ಬಾಯಿಗೆ ಬೀಗ ಹಾಕಿಕೊಂಡಳು. ಗುರುವಾರ, ಶುಕ್ರವಾರ ಹುಡುಗಿಯರು ಪಕ್ಕದೂರಿಗೂ ಹೋಗಿ ಬಂದರು. ಅಲ್ಲಿನ ಬೇಕರಿಯಲ್ಲಿ ಒಬ್ಬ ಸಿಕ್ಕಿದ್ದ, ಆಡಿಲ್ಲ ಎಂದೂ ಹೇಳಿದ. ಆಮೇಲೆ ಅವನ ಹೆಂಡತಿ ಅಡುಗೆಮನೆಯಿಂದ ಅವನು ಹಾಕಿಯಲ್ಲಿ ಗೆದ್ದ ಕಪ್ಪು ತಂದು ತೋರಿಸಿದಳು.

ಶನಿವಾರ ಬಂತು. ರೆಜಾನ್‌ನ ಟ್ರಕ್ಕಿನ ಹಿಂಭಾಗದಲ್ಲಿ ಕಸಿನ್ ಕೊಟ್ಟ ಹಾಕಿ ಚೀಲ ಆಗಲೇ ಕೂತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿಗೂ ಕೆಲಸದಲ್ಲಿ ಮನಸ್ಸಿರಲಿಲ್ಲ. ಚಪ್ಪಾಳೆಯವರು ಕೂಡ ಕೈ ಕಟ್ಟಿ ನಿಂತಿದ್ದರು. ಎಂಟಕ್ಕೆ ಐದು ನಿಮಿಷವಿದ್ದಾಗ ಬಾಗಿಲು ತೆರೆಯಿತು.

ಮ್ಯೂರಿಯೆಲ್ ಬಂದರು. ಹೆಗಲ ಮೇಲೆ ಬಿಳಿ ಸ್ಕೇಟ್ಸ್, ತಲೆಗೆ ತೀರಿಹೋದ ಗಂಡನ ಮರ ಕಡಿಯುವ ಹೆಲ್ಮೆಟ್ಟು, ಸೊಂಟದ ಸುತ್ತ ಎರಡು ತಲೆದಿಂಬು ಹಗ್ಗದಿಂದ ಕಟ್ಟಿದ್ದವು. ಯಾರ ಮುಖವನ್ನೂ ನೋಡದೆ ನೇರವಾಗಿ ಒಡೆಟ್‌ಳ ಮುಂದೆ ಹೋಗಿ ಒಂದು ಹಾಳೆ ಚಾಚಿದರು. ಹೊಸಬರ ತರಗತಿಗೆ ಸೇರುವ ಅರ್ಜಿ. ವಯಸ್ಸು: ಅರವತ್ತೆಂಟು. ಐಸ್ ಮೇಲಿನ ಅನುಭವ: ಇಲ್ಲ. ಪೋಷಕರ ಸಹಿ ಎಂಬಲ್ಲಿ ‘ತೀರಿಕೊಂಡಿದ್ದಾರೆ, ಕ್ಷಮಿಸಿ’ ಎಂದು ಬರೆದಿದ್ದರು.

ಒಡೆಟ್ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. “ಯಾವತ್ತೂ ಆಡಿಲ್ವಾ?”

“ಯಾವತ್ತೂ ಇಲ್ಲ.”

“ಸುಳ್ ಹೇಳ್ತಿಲ್ಲ ತಾನೆ?”

“ನಲವತ್ತೊಂದ್ ವರ್ಷ ಹೇಳ್ದೆ,” ಎಂದರು ಮ್ಯೂರಿಯೆಲ್. “ಇವತ್ತು ಇಲ್ಲ.”

ಆಮೇಲೆ ಒಂದೇ ಸಲಕ್ಕೆ ಹದಿನೇಳು ಹಳದಿ ಜಾಕೆಟ್ಟುಗಳೂ ಒಡೆಟ್‌ಳನ್ನು ಬಿಟ್ಟು ಮ್ಯೂರಿಯೆಲ್ ಮೇಲೆ ಬಿದ್ದವು. ಕೊರಿನ್ ಎಡಗಾಲು, ಮ್ಯಾಗ್ಡಾ ಬಲಗಾಲು. ತಲೆದಿಂಬಿಗೇ ಇಬ್ಬರು. ಮುದುಕಿಯ ಬೈಗುಳ, ಹುಡುಗಿಯರ ಕ್ಷಮೆ, ಚಪ್ಪಾಳೆ. ಈ ಗಲಾಟೆಯಲ್ಲಿ ಐಲಾಳಿಗೆ ಇದ್ದಕ್ಕಿದ್ದಂತೆ ಒಡೆಟ್‌ಳ ನೆನಪಾಗಿ ತಿರುಗಿ ನೋಡಿದಳು. ಒಡೆಟ್ ತನ್ನ ಎರಡೂ ಸ್ಕೇಟ್ಸ್ ತಾನೇ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಕೋಲು ಹಿಡಿದು ಬಾಗಿಲ ಬಳಿ ಕಾಯುತ್ತಿದ್ದಳು.

“ನಿಂಗ್ ಲೇಸ್ ಕಟ್ಟಕ್ಕೆ ಬರತ್ತಾ?”

“ಬರತ್ತೆ.”

“ಯಾವಾಗಿಂದ?”

“ಮೊದ್ಲಿಂದ. ನೀವು ಕೇಳ್ಲೇ ಇಲ್ಲ,” ಎಂದು ಒಡೆಟ್ ಐಸ್‌ಗೆ ಇಳಿದಳು.

ಮ್ಯೂರಿಯೆಲ್ ಅವರನ್ನು ಐಸ್‌ಗೆ ಇಳಿಸಲು ಹದಿನೈದು ನಿಮಿಷ ಹಿಡಿಯಿತು, ನೀಲಿ ಗೆರೆಯಾಚೆ ಮುಟ್ಟಿಸಲು ಇನ್ನೂ ಇಪ್ಪತ್ತು. ಹೊಸ ಮನೆಗೆ ಬೀರು ಸಾಗಿಸುವ ಹಾಗೆ ಸಾಗಿಸಿದರು. “ನಿಧಾನ! ಎಡಕ್ಕೆ! ಅಲ್ಲ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!” ಎಂದು ಬೀರು ಕೂಗುತ್ತಿತ್ತು. ಸಹಾಯಕರು ರಿಂಗ್ ಮುಟ್ಟಬಾರದು, ನಿಜ. ಮ್ಯೂರಿಯೆಲ್ ಅವರನ್ನು ಮುಟ್ಟಬಾರದೆಂದು ಯಾವ ನಿಯಮವೂ ಇರಲಿಲ್ಲ. ಕೊನೆಗೆ ಅವರನ್ನು ನಿಲ್ಲಿಸಿ, ಸುತ್ತ ಹಳದಿ ಬೇಲಿ ಕಟ್ಟಿ, ಕೈಗೆ ಕೋಲು ಕೊಟ್ಟರು.

ಒಡೆಟ್ ನಡುಗೆರೆಯಿಂದ ಹೊರಟಳು. ಮೊದಲ ಸಲ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ನೀಲಿ ಗೆರೆಯ ಹತ್ತಿರ ಬಂದಳು, ನಿಂತಳು, ತಲೆಯೆತ್ತಿದಳು.

“ಮ್ಯೂರಿಯೆಲ್! ಕೋಲು ಕೆಳಗಿಡಿ!”

ಮ್ಯೂರಿಯೆಲ್ ಕೋಲು ಕೆಳಗಿಟ್ಟರು. ಒಡೆಟ್ ತಳ್ಳಿದಳು. ನೀಲಿ ರಿಂಗ್ ಸರ್ರನೆ ಗೆರೆ ದಾಟಿತು. ಐದು ತಿಂಗಳಲ್ಲಿ ಮೊದಲ ಸಲ. ಹಳದಿ ಜಾಕೆಟ್ಟಿನವರು ರಿಂಗ್ ತಾಗೀತೆಂದು ಹೌಹಾರಿ ಕಾಲೆತ್ತಿ ಕುಣಿದರು. ಅದು ನೇರವಾಗಿ ಹೋಗಿ ಮ್ಯೂರಿಯೆಲ್ ಅವರ ಕೋಲಿನ ಬುಡದಲ್ಲಿ ನಿಂತಿತು. ಸಾವಿರ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಅವರು ಕೋಲಿನ ತುದಿಯನ್ನು ರಿಂಗ್‌ನೊಳಗೆ ಊರಿದರು.

“ಸಿಕ್ತು,” ಎಂದರು, ಬಹಳ ಮೆಲ್ಲಗೆ.

ಗೆರೆ ದಾಟಿ ಬಂದ ಒಡೆಟ್ ಗೋಲಿನ ಮುಂದೆ ನಿಂತು ಕೂಗಿದಳು. “ಈಗ ನಂಗೆ ಕೊಡಿ!”

ಮ್ಯೂರಿಯೆಲ್ ಕೊಡಲಿಲ್ಲ. ಅವರು ಗೋಲನ್ನೇ ನೋಡುತ್ತಿದ್ದರು. ಆ ನೋಟ ಐಲಾಳಿಗೆ ಗೊತ್ತಿತ್ತು. ಹನ್ನೊಂದು ಗೋಲಿನ ದಿನ, ಅಲ್ಲ, ಹನ್ನೆರಡು ಗೋಲಿನ ದಿನ ಅದು ತನ್ನದೇ ಕಣ್ಣಲ್ಲಿತ್ತು. “ಮ್ಯೂರಿಯೆಲ್, ಬೇಡ,” ಎನ್ನುವಷ್ಟರಲ್ಲಿ ಮುದುಕಿ ಹಿಡಿದವರ ಕೈಗಳನ್ನೆಲ್ಲ ಕೊಡವಿ ಹೊರಟೇಬಿಟ್ಟರು. ಮೂರು ಮಾರು ದೂರ ಹೋದರು. ಯಾರ ಆಸರೆಯೂ ಇಲ್ಲದೆ, ಕಿರುಚುತ್ತಾ, ನಗುತ್ತಾ, ಮೂರು ಮಾರು. ಆಮೇಲೆ ಎರಡೂ ತಲೆದಿಂಬುಗಳ ಸಮೇತ ರಿಂಗ್ ಮೇಲೆಯೇ ಬಿದ್ದರು.

ಹದಿನೇಳು ಜನ ಒಟ್ಟಿಗೆ ಧಾವಿಸಿದರು.

“ಯಾರೂ ಮುಟ್ಬೇಡಿ!” ಎಂದಳು ಒಡೆಟ್.

ಆ ದನಿಗೆ ಎಲ್ಲರೂ ಇದ್ದಲ್ಲೇ ನಿಂತರು. ಒಡೆಟ್ ಮ್ಯೂರಿಯೆಲ್ ಪಕ್ಕಕ್ಕೆ ಬಂದು ಬಗ್ಗಿದಳು. ಮ್ಯೂರಿಯೆಲ್ ಕಣ್ಣಲ್ಲಿ ನೀರಿತ್ತು, ನೋವಿಗೋ ನಗುವಿಗೋ ತಿಳಿಯಲಿಲ್ಲ.

“ಮೊದಲು ಮಂಡಿ,” ಎಂದಳು ಒಡೆಟ್.

ಮ್ಯೂರಿಯೆಲ್ ಮಂಡಿ ಊರಿದರು, ಜಾರಿತು, ಮತ್ತೆ ಊರಿದರು.

“ಆಮೇಲೆ ಒಂದು ಪಾದ. ಅವಸರ ಬೇಡ. ನಾನೂ ಮೊದ್ಲು ಬೀಳ್ತಿದ್ದೆ.”

ನಾಲ್ಕು ಸಲ ಬಿದ್ದರು. ಐದನೆಯ ಸಲ ಪಾದ ನಿಂತಿತು. ಕೋಲು ಊರಿಕೊಂಡು, ಗಡಗಡ ನಡುಗುತ್ತಾ ಎದ್ದು ನಿಂತರು.

“ಕೊನೆಗೆ ಮೂಗು,” ಎಂದಳು ಒಡೆಟ್.

ಮ್ಯೂರಿಯೆಲ್ ಮೂಗು ಎತ್ತಿದರು. ಆಗಲೇ ಗಂಟೆ ಹೊಡೆಯಿತು, ಹೊತ್ತು ಮುಗಿದಿತ್ತು, ಐಸ್ ನಯ ಮಾಡುವ ಬಂಡಿ ಬುಸುಗುಟ್ಟುತ್ತಾ ಮೂಲೆಯಿಂದ ಹೊರಟಿತ್ತು. ರಿಂಗ್ ಬಿದ್ದಲ್ಲೇ ಬಿದ್ದಿತ್ತು. ಗೋಲು ಆಗಿರಲಿಲ್ಲ. ಕಾವಲಿನವಳು ಇವತ್ತೂ ಹಾರಿರಲಿಲ್ಲ.

ಐಲಾ ಗಡಿಯಾರ ನೋಡಿದಳು. ಅವಳಿಗೆ ಅಳು ಬಂತು. ಇಷ್ಟೆಲ್ಲ ಮಾಡಿ ಕೊನೆಗೆ ಮಗುವಿನ ಗೋಲನ್ನು ಇನ್ನೊಮ್ಮೆ ಕಸಿದುಕೊಂಡ ಹಾಗಾಯಿತು. ರೆಜಾನ್ ಮೆಟ್ಟಿಲಿಳಿದು ಬಂದ, ಕೈಯಲ್ಲಿ ಟ್ರಕ್ಕಿನ ಕೀಲಿ.

“ಏನಮ್ಮಾ, ಹಾಕಿಗೆ ಹೋಗೋಣ್ವಾ?”

ಒಡೆಟ್ ಬೆಂಚಿನ ಮೇಲೆ ಕೂತು ತನ್ನ ಲೇಸ್ ತಾನೇ ಬಿಚ್ಚುತ್ತಿದ್ದಳು. “ಆಗಲ್ಲ ಪಾಪಾ. ಮುಂದಿನ ಶನಿವಾರ ನಾನು ಇಲ್ಲಿಗೆ ಬರ್ಲೇಬೇಕು. ಮ್ಯೂರಿಯೆಲ್‌ಗೆ ರಿಂಗ್ ಕೊಡೋದು ಗೊತ್ತೇ ಇಲ್ಲ, ಬರೀ ಇಟ್ಕೊಳ್ತಾರೆ. ಏಳೋಕೂ ಸರಿಯಾಗ್ ಬರಲ್ಲ.”

“ಕಲ್ಸೋಕೆ ಹದಿನೇಳ್ ಜನ ಇದಾರಲ್ಲ?”

“ಅವ್ರು ಎತ್ತಾರೆ ಅಷ್ಟೆ,” ಎಂದಳು ಒಡೆಟ್. “ಕಲ್ಸಲ್ಲ.”

ಹದಿನೇಳು ಜನರೂ ನೆಲ ನೋಡಿದರು. ಐಲಾ ಮೂಗು ಒರೆಸಿಕೊಂಡು ತನ್ನ ಹಳದಿ ಜಾಕೆಟ್ ಬಿಚ್ಚಿದಳು. ಅದನ್ನು ಮಡಚಿ, ಮರ್ಯಾದೆಯಿಂದ ಎರಡೂ ಕೈಯಲ್ಲಿ ಹಿಡಿದು ಒಡೆಟ್‌ಳ ಮುಂದೆ ಚಾಚಿದಳು.

ಒಡೆಟ್ ಅದನ್ನು ನೋಡಿ, ಗೋಡೆಯ ಮೇಲಿನ ನಿಯಮಗಳನ್ನು ನೋಡಿ, ತಲೆಯಾಡಿಸಿದಳು. “ಬೇಡ. ಅದನ್ನ ಹಾಕ್ಕೊಂಡ್ರೆ ರಿಂಗ್ ಮುಟ್ಟೋ ಹಾಗಿಲ್ಲ. ನಿಮ್ಮ ಗಂಟೆ ಬರ್ಕೊಳ್ಳೋ ಹಾಳೆ ಇದೆಯಲ್ಲ, ಅದರಲ್ಲಿ ನಂದೂ ಬರಿ. ಒಡೆಟ್ ಜರ್ವೆ, ಕಾಲು ಗಂಟೆ.”

ಐಲಾ ಬರೆದಳು. ಆ ಹಾಳೆಗೆ ಸಹಿ ಹಾಕಬೇಕಾದ ಮ್ಯೂರಿಯೆಲ್ ಎದುರಿನ ಬೆಂಚಿನಲ್ಲಿ ಹೆಲ್ಮೆಟ್ಟೂ ತೆಗೆಯದೆ ಕೂತಿದ್ದರು. ಸ್ಕೇಟ್ಸ್ ಬಿಚ್ಚಬೇಡಿ, ಇನ್ನೂ ಸ್ವಲ್ಪ ಹೊತ್ತು ಕಾಲಲ್ಲೇ ಇರಲಿ ಎಂದು ಕೊರಿನ್‌ಳನ್ನೂ ಮ್ಯಾಗ್ಡಾಳನ್ನೂ ಗದರಿಸುತ್ತಿದ್ದರು.